ಮಂಡಿಯೂರಿದವನು

ಬೆಳಿಗ್ಗೆ ಒಂಬತ್ತೂವರೆಯಿಂದ ಅವನು ಒಂದೇ ಹುಡುಗಿಯ ಮುಖವನ್ನು ನೋಡುತ್ತ ಕೂತಿದ್ದ. ಮುಂದಕ್ಕೆ ಬಿಡುವುದು, ನಿಲ್ಲಿಸುವುದು, ಹಿಂದಕ್ಕೆ ತರುವುದು. ಬಸ್ ನಿಲ್ದಾಣದ ಸಿಮೆಂಟು ನೆಲದ ಮೇಲೆ ಹುಡುಗ ಮಂಡಿಯೂರುತ್ತಾನೆ, 'ನನ್ನ ಮದುವೆ ಆಗ್ತೀಯಾ' ಅನ್ನುತ್ತಾನೆ, ಸುತ್ತ ನಿಂತ ಗೆಳೆಯರು ಚಪ್ಪಾಳೆ ತಟ್ಟುತ್ತಾರೆ, ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು 'ಹಾಂ' ಅನ್ನುತ್ತಾಳೆ, ಚಿತ್ರ ಮುಗಿಯುತ್ತದೆ. ಇಪ್ಪತ್ತೆಂಟು ವರ್ಷದಿಂದ ಸಿನಿಮಾ ಸಂಕಲನ ಮಾಡಿಕೊಂಡು ಬಂದವನಿಗೆ, ಸ್ಟುಡಿಯೋದಲ್ಲಿ ಎಲ್ಲರಿಂದ ಕತ್ತರಿ ಮಾಸ್ತರು ಅನ್ನಿಸಿಕೊಂಡವನಿಗೆ, ಇಂಥ ದೃಶ್ಯವನ್ನು ಕೂಡಿಸುವುದು ಕಾಫಿ ಆರುವಷ್ಟು ಹೊತ್ತಿನ ಕೆಲಸ. ಆದರೆ ಚಪ್ಪಾಳೆಯ ಸದ್ದನ್ನು ಅಡಗಿಸಿ ನೋಡಿದಾಗ ಹುಡುಗಿಯ ಮುಖ ಬೇರೆಯೇ ಆಗುತ್ತಿತ್ತು. ಕೈಗಳು ಬಾಯಿಗೆ ಹೋಗುವ ಮೊದಲು, ಅರ್ಧ ಸೆಕೆಂಡಿಗೂ ಕಡಿಮೆ, ಎಣಿಸಿದರೆ ಹನ್ನೊಂದು ಫ್ರೇಮು, ಅವಳ ಕಣ್ಣು ಹುಡುಗನನ್ನು ಬಿಟ್ಟು ಪಕ್ಕಕ್ಕೆ ಹೊರಳಿ ಕ್ಯಾಮೆರಾದ ಆಚೆ ಯಾರನ್ನೋ ಹುಡುಕುತ್ತಿತ್ತು. ಜಾತ್ರೆಯಲ್ಲಿ ಕೈ ತಪ್ಪಿದ ಮಗು ಮೊದಲು ಅಳುವುದಿಲ್ಲ, ಸುತ್ತ ನೋಡುತ್ತದೆಯಲ್ಲ, ಹಾಗೆ. ಆ ಹನ್ನೊಂದನ್ನು ತೆಗೆದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎರಡು ಸಲ ತೆಗೆದ. ಎರಡು ಸಲವೂ ಮತ್ತೆ ಇಟ್ಟ.

ಹಿಂದಿನ ಸಂಜೆ ಒಂದು ಕಾಲೇಜಿನ ನಲವತ್ತು ಮಕ್ಕಳಿಗೆ ಚಿತ್ರ ತೋರಿಸಿ, ಕೈಗೊಂದು ಹಾಳೆ ಕೊಟ್ಟು ಅಭಿಪ್ರಾಯ ಬರೆಸಿಕೊಂಡಿದ್ದರು. ಆ ಹಾಳೆಗಳ ಕಟ್ಟು ಮೇಜಿನ ಮೇಲೆ ಬಿದ್ದಿತ್ತು. ಒಂಬತ್ತನೆಯ ಪ್ರಶ್ನೆ ನಿರ್ದೇಶಕನೇ ಬರೆದದ್ದು: 'ಕೊನೆಯಲ್ಲಿ ಹುಡುಗ ದಿಢೀರನೆ ಮದುವೆಯ ಮಾತೆತ್ತುವುದು ಈ ಕಥೆಗೆ ಹೊಂದುತ್ತದೆಯೇ?' ಹುಡುಗರಲ್ಲಿ ಬಹುಪಾಲು 'ಸೂಪರ್' ಎಂದು ಗೀಚಿ ಎದ್ದುಹೋಗಿದ್ದರು. ಹುಡುಗಿಯರು ತಲೆಗೊಂದು ಬರೆದಿದ್ದರು. 'ಚೆನ್ನಾಗಿದೆ, ಆದರೆ ಯಾಕೆ?' ಎಂದು ಒಬ್ಬಳು. ದುಂಡನೆಯ ಅಕ್ಷರದಲ್ಲಿ ಇನ್ನೊಬ್ಬಳು: 'ಅವಳಿಗೆ ನಾಳೆ ಗಣಿತದ ಪರೀಕ್ಷೆ ಇದೆ.' ಅಷ್ಟೇ. ಅದನ್ನು ಅವನು ನಿರ್ದೇಶಕನಿಗೆ ಗಟ್ಟಿಯಾಗಿ ಓದಿ ಹೇಳಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬೆಳಿಗ್ಗೆ ಹಲ್ಲುಜ್ಜುವಾಗ ಆ ಸಾಲು ಮತ್ತೆ ನೆನಪಾಯಿತು, ನಗು ಬರಲಿಲ್ಲ. ಬೆನ್ನ ಹಿಂದೆ ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಬೀಗದ ಕೈ ಹುಡುಕುತ್ತಿದ್ದಳು. ಕನ್ನಡಿಯಲ್ಲಿ ಅವಳ ಮುಖದ ಅರ್ಧ ಮಾತ್ರ ಕಾಣುತ್ತಿತ್ತು, ಕಣ್ಣು ಅತ್ತಿತ್ತ ಹೊರಳುತ್ತಿತ್ತು. ಬೀಗದ ಕೈಗಾಗಿ ಎಂದು ಗೊತ್ತಿದ್ದೂ ಅವನು ಬಾಯಲ್ಲಿ ನೊರೆ ತುಂಬಿಕೊಂಡು ಅವಳನ್ನೇ ನೋಡುತ್ತ ನಿಂತ.

ಯಾಕೆಂದರೆ ಚಿತ್ರದ ಆ ಕೊನೆ ಅವನದೇ. ಚಿತ್ರಕಥೆಯಲ್ಲಿದ್ದ ಕೊನೆ ಬೇರೆ ಇತ್ತು. ಹನ್ನೆರಡನೆ ತರಗತಿಯ ಹುಡುಗ ಹುಡುಗಿ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಹುಡುಗಿ 'ನಾಳೆ ಸಿಗ್ತೀನಿ' ಎಂದು ಬಸ್ಸು ಹತ್ತಿ ಮನೆಗೆ ಹೋಗುತ್ತಾಳೆ. ಸಪ್ಪೆಯಾಯಿತು ಎಂದು ನಿರ್ದೇಶಕ ಕೊರಗುತ್ತಿದ್ದಾಗ, ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಲ್ಲಿ, ಅವನು ತನ್ನ ಕಥೆ ಹೇಳಿದ್ದ. ಇಪ್ಪತ್ತಾರು ವರ್ಷದಿಂದ ಹೇಳಿ ಹೇಳಿ ನುಣುಪಾದ ಕಥೆ. ಆಗ ಅವನಿಗೆ ಇಪ್ಪತ್ತೈದು, ಅವಳಿಗೆ ಹತ್ತೊಂಬತ್ತು, ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ನೆಪ ಹೇಳಿ ವಾರಕ್ಕೊಂದು ಸಲ ಹೋಗುತ್ತಿದ್ದ. ಸ್ಕ್ರೂ ತಾನಾಗಿ ಸಡಿಲವಾಗದ ವಾರ ಅವನೇ ಸಡಿಲ ಮಾಡುತ್ತಿದ್ದ. ಎಂಟು ತಿಂಗಳಾದ ಮೇಲೆ ಒಂದು ಶನಿವಾರ, ಅಂಗಡಿ ತುಂಬ ಗಿರಾಕಿಗಳಿರುವಾಗ, ಅವಳು ಮೇಜಿನ ಹಿಂದಿನಿಂದ ಈಚೆ ಬಂದಳು, ಇವನು ದಿಢೀರನೆ ಮಂಡಿಯೂರಿದ. ಕೇಳಿಯೇ ಬಿಟ್ಟ. ಅವಳು ನಾಚಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ 'ಹಾಂ' ಅಂದಳು. ಅಂಗಡಿಯ ಮಾಲೀಕನಿಂದ ಹಿಡಿದು ಕಣ್ಣಿಗೆ ಔಷಧ ಹಾಕಿಸಿಕೊಂಡು ಕೂತಿದ್ದ ಮುದುಕನವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಚಿಕ್ಕವಳಿದ್ದಾಗ ಈ ಕಥೆ ಕೇಳದೆ ಊಟ ಮಾಡುತ್ತಿರಲಿಲ್ಲ. ಕಥೆಯಲ್ಲಿ ಅಮ್ಮನ ಪಾಲಿಗೆ ಇದ್ದದ್ದು ಒಂದೇ ಮಾತು. ಆ ಜಾಗ ಬಂದಾಗ ಮಗಳು ಅಡುಗೆಮನೆಯ ಕಡೆ ತಿರುಗಿ ಕೂಗುತ್ತಿದ್ದಳು, 'ಅಮ್ಮಾ, ಈಗ ನೀನು'. ಒಳಗಿನಿಂದ, ಪಾತ್ರೆಯ ಸದ್ದಿನ ನಡುವೆ, 'ಹಾಂ' ಬರುತ್ತಿತ್ತು.

ಹನ್ನೊಂದಕ್ಕೆ ಬರಬೇಕಿದ್ದ ಚಿತ್ರದ ಹುಡುಗಿ ಹನ್ನೊಂದಕ್ಕೇ ಬಂದಳು, ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು. ಚಿತ್ರೀಕರಣದ ದಿನ ಬಸ್ಸೊಂದರ ಹಾರ್ನು ಅವಳ 'ಹಾಂ'ನ ಮೇಲೇ ಬಿದ್ದಿತ್ತು. ಅದೊಂದನ್ನು ಮತ್ತೆ ಹೇಳಿಸಿ ಸೇರಿಸಬೇಕಿತ್ತು. ಪರದೆಯ ಮೇಲೆ ದೊಡ್ಡವಳ ಹಾಗೆ ಕಾಣುತ್ತಿದ್ದವಳು ಇಲ್ಲಿ, ಉಗುರು ಕಚ್ಚಿಕೊಂಡು, ಕುರ್ಚಿಯ ತುದಿಯಲ್ಲಿ ಕೂತಾಗ, ಹದಿನೇಳೂ ಆಗಿಲ್ಲವೇನೋ ಅನ್ನಿಸಿತು. ಹೆಡ್‌ಫೋನು ಕಿವಿಗೆ ಹಾಕಿಕೊಂಡಳು, ಮೈಕಿನ ಮುಂದೆ ಬಂದಳು. ಮೊದಲ ಸಲ ಹೇಳಿದ್ದು ನಿದ್ದೆಗಣ್ಣಿನಲ್ಲಿ ಹಾಜರಿ ಹೇಳಿದ ಹಾಗಿತ್ತು. ಎರಡನೆಯದು ಜೋರಾಯಿತು. ಆರನೆಯದು ಅಳುವ ಹಾಗೆ. ಒಂಬತ್ತನೆಯ ಸಲ ಕಿವಿಯದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಆಗ್ತಿಲ್ಲ ಸರ್."

"ಆವತ್ತು ಹೇಗೆ ಹೇಳಿದ್ಯೋ ಹಾಗೇ ಹೇಳಮ್ಮ. ಅಷ್ಟೇ ಸಾಕು."

"ಆವತ್ತು ನಾನು ಆಕ್ಟ್ ಮಾಡ್ಲಿಲ್ಲ ಸರ್." ಪರದೆಯ ಮೇಲೆ ನಿಂತುಹೋಗಿದ್ದ ತನ್ನದೇ ಮುಖವನ್ನು ನೋಡಿ ಕಣ್ಣು ತೆಗೆದಳು. "ಬಸ್ ಹತ್ತಿ ಹೋಗೋ ಸೀನು ಅಂತ ಹೇಳಿದ್ರು. ಅದನ್ನ ಮೊದಲು ಶೂಟ್ ಮಾಡಿದ್ರು. ಇನ್ನೊಂದು ಸಲ ಅಂದ್ರು. ನಾನು ಹತ್ತೋಕೆ ಹೋದ್ರೆ ಅವನು ಮಂಡಿ ಊರ್ಬಿಟ್ಟ. ಮದುವೆ ಆಗ್ತೀಯಾ ಅಂದ. ನನ್ನ ಹೆಸರು ಹಿಡಿದೇ ಕರೆದ ಸರ್, ಪಾತ್ರದ ಹೆಸರಲ್ಲ. ನನ್ನ ಕೇಳ್ತಿದಾನಾ ಅವಳನ್ನ ಕೇಳ್ತಿದಾನಾ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಎಲ್ಲ ಚಪ್ಪಾಳೆ ತಟ್ಟೋಕೆ ಶುರು ಮಾಡಿದ್ರು."

"ಬೇಡ ಅನ್ನಬಹುದಿತ್ತಲ್ಲ."

"ಅಷ್ಟು ಜನರ ಮುಂದೆ?" ಅವಳು ಅವನನ್ನು ವಿಚಿತ್ರವಾಗಿ ನೋಡಿದಳು. "ಅವನು ಪಾಪ ಕೆಳಗಿದ್ದ. ನಾನೊಬ್ಬಳೇ ನಿಂತಿದ್ದೆ. ಏನಾದ್ರೂ ಅಂದ್ರೆ ಸಾಕು, ಚಪ್ಪಾಳೆ ನಿಲ್ಲುತ್ತೆ ಅನ್ನಿಸ್ತು." ಮತ್ತೆ ಉಗುರು ಕಚ್ಚುತ್ತ, "ಮೊದಲೇ ಹೇಳ್ಬಾರದು, ಹೇಳಿದ್ರೆ ಆ ಗಾಬರಿ ಬರಲ್ಲ ಅಂತ ನೀವೇ ಹೇಳಿದ್ರಂತೆ. ಡೈರೆಕ್ಟರ್ ಸರ್ ಆಮೇಲೆ ಹೇಳಿದ್ರು," ಎಂದಳು.

ಹೇಳಿದ್ದ. ಊಟದ ಡಬ್ಬಿ ಮುಚ್ಚುತ್ತ, ಬೆರಳು ಚೀಪುತ್ತ, ಬಲ್ಲವನ ಗತ್ತಿನಲ್ಲಿ ಹೇಳಿದ್ದ. ಹುಡುಗಿಯ ದನಿಯಲ್ಲಿ ದೂರು ಇರಲಿಲ್ಲ. ಕೇಳಿಸಿಕೊಂಡದ್ದನ್ನು ಒಪ್ಪಿಸಿದ್ದಳು, ಅಷ್ಟೇ. ದೂರಿದ್ದರೆ ಸಮಾಧಾನ ಹೇಳಬಹುದಿತ್ತು. ಇವತ್ತಿಗೆ ಸಾಕು, ಹೋಗಮ್ಮ ಎಂದ. ಅವಳು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ, "ನನ್ನಿಂದ ತೊಂದರೆ ಆಯ್ತಾ ಸರ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಆ ಪ್ರಶ್ನೆ ಅವಳು ಹೋದ ಮೇಲೂ ಕೋಣೆಯಲ್ಲೇ ಉಳಿಯಿತು.

ಅರ್ಧ ಗಂಟೆಯ ಮೇಲೆ ನಿರ್ದೇಶಕ ಬಂದ. ಮೂವತ್ತು ದಾಟದವನು, ಸದಾ ಎರಡೆರಡು ಮೆಟ್ಟಿಲು ಹಾರಿ ಹತ್ತುವವನು. ಹುಡುಗಿಯನ್ನು ಕಳಿಸಿಬಿಟ್ಟದ್ದು ಕೇಳಿ ಮುಖ ಸಣ್ಣದಾಯಿತು.

"ಈ ಕೊನೆ ಹೊಂದಲ್ಲ ಕಣಪ್ಪ," ಎಂದು ಅವನು ನಿರ್ದೇಶಕನಿಗೆ ಹೇಳಿದ. "ಅವರಿಗೆ ಹದಿನೇಳು. ಇಡೀ ಸಿನಿಮಾದಲ್ಲಿ ಒಬ್ಬರ ಕೈ ಒಬ್ಬರು ಮುಟ್ಟೋಕೆ ಒಂದೂವರೆ ಗಂಟೆ ತಗೊಂಡಿದಾರೆ. ಕೊನೆಗೆ ಒಂದು ನಿಮಿಷದಲ್ಲಿ ಮದುವೆ ಅಂದ್ರೆ?"

"ಮಾಸ್ಟ್ರೇ, ಇದು ನಿಮ್ಮದೇ ಕಥೆ."

"ನನ್ನದು ಬೇರೆ."

"ಏನು ಬೇರೆ?"

ಏನು ಬೇರೆ ಎಂದು ಅವನು ಹುಡುಕಿದ. ನಿರ್ದೇಶಕ ಕಾಯುತ್ತಿದ್ದ, ಮರ್ಯಾದೆಯಿಂದಲೇ. ನಮಗೆ ವಯಸ್ಸಾಗಿತ್ತು ಎನ್ನಲು ಹೋದ. ಹತ್ತೊಂಬತ್ತು ಎಂದು ತಾನೇ ಎಷ್ಟು ಸಲ ಹೆಮ್ಮೆಯಿಂದ ಹೇಳಿದ್ದನೋ. ಅವಳು ನಿಜವಾಗಿ ಒಪ್ಪಿದ್ದಳು ಎನ್ನಲು ಹೋದ. ಅವಳ ಮುಖವನ್ನು ನೆನಪಿಸಿಕೊಳ್ಳಲು ನೋಡಿದ. ತಗ್ಗಿದ ತಲೆ, ಬೈತಲೆ, ನೆಲದ ಕೆಂಪು ಗಾರೆ, ಮಾಲೀಕನ ದಪ್ಪ ಕೈಗಳು ಬಂದವು. ಮುಖ ಬರಲಿಲ್ಲ. ಸಾವಿರ ಸಲ ಹೇಳಿದ ಕಥೆಯಲ್ಲಿ ಅವಳ ಮುಖವನ್ನು ತಾನು ಒಮ್ಮೆಯೂ ನೋಡಿರಲಿಲ್ಲವೆ? "ನಾಳೆ ಬೆಳಿಗ್ಗೆ ಮಾತಾಡೋಣ," ಎಂದು ಎದ್ದ. ನಿರ್ದೇಶಕ, "ನಾಳೆಯೇ ಕೊನೆ ಮಾಸ್ಟ್ರೇ, ಆಮೇಲೆ ನನ್ನ ಕೈಲಿಲ್ಲ," ಎಂದು ಬೆನ್ನ ಹಿಂದೆ ಹೇಳಿದ್ದು ಕೇಳಿಸಿತು.

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಊಟ ಬೇಡವಾಗಿತ್ತು. ರಸ್ತೆಯ ಈ ಬದಿಯಿಂದ ಆ ಬದಿಗೆ ದಾಟಿದ, ಕಾರಣವಿಲ್ಲದೆ ಮತ್ತೆ ಈ ಬದಿಗೆ ಬಂದ. ಚಪ್ಪಲಿ ರಿಪೇರಿಯವನು, ಜೆರಾಕ್ಸ್ ಅಂಗಡಿ, ಬೀಗದ ಅಂಗಡಿ. ಯಾರೋ ಯಾರನ್ನೋ ಏನೋ ಕೇಳುತ್ತಿದ್ದರು, ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಕಾಲು ತಾನಾಗಿ ಹೆಂಡತಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಕಡೆ ನಡೆದದ್ದು ಅದರ ಗಾಜಿನ ಬಾಗಿಲು ಕಂಡಾಗಲೇ ಅವನಿಗೆ ಗೊತ್ತಾದದ್ದು. ಅದೇ ಅಂಗಡಿಯಲ್ಲ, ಇದು ದೊಡ್ಡದು. ಇಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳೇ. ಗಾಜಿನಾಚೆ ಅವಳು ವಯಸ್ಸಾದ ಒಬ್ಬ ಹೆಂಗಸಿನ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಿದ್ದಳು. ಬಾಗಿಲು ಅರ್ಧ ತೆರೆದಿದ್ದರಿಂದ ಮಾತು ಕೇಳುತ್ತಿತ್ತು. "ಇದು ಚೆನ್ನಾಗಿ ಕಾಣುತ್ತಾ? ಇದಾ? ಇನ್ನೊಂದು ಸಲ ಹಾಕ್ಲಾ? ಗೊತ್ತಾಗ್ದೆ ಇದ್ರೆ ಗೊತ್ತಾಗ್ಲಿಲ್ಲ ಅನ್ನಿ ಅಮ್ಮ, ಅವಸರ ಇಲ್ಲ." ಹೆಂಗಸು ತಪ್ಪು ಮಾಡಿದ ಮಗುವಿನ ಹಾಗೆ, "ಎರಡೂ ಒಂದೇ ಥರ," ಎಂದಳು. "ಪರವಾಗಿಲ್ಲ, ಮತ್ತೆ ನೋಡೋಣ." ಅವನು ಎಣಿಸಿದ, ಐದು ಸಲ ಕೇಳಿದಳು. ಒಂದು ಜೊತೆ ಗಾಜಿಗಾಗಿ. ಒಳಗೆ ಹೋಗದೆ, ಅವಳು ತಲೆ ಎತ್ತುವ ಮೊದಲೇ ತಿರುಗಿ, ಕದ್ದವನ ಹಾಗೆ ಬೇಗ ಬೇಗ ಹೆಜ್ಜೆ ಹಾಕಿದ.

ಸಂಜೆ ಐದೂವರೆಗೆ ಅವಳು ಮನೆಗೆ ಬಂದಾಗ ಅವನು ಆಗಲೇ ಬಂದಿದ್ದ. "ಇವತ್ತೇನು ಬೇಗ? ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿ, ತರಕಾರಿಯ ಚೀಲ ಹಿಡಿದು ಅಡುಗೆಮನೆಗೆ ಹೋದಳು. ಅವನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ. ಅವಳು ಒಂದೊಂದಾಗಿ ಟೊಮ್ಯಾಟೊ ತೆಗೆದು ಬುಟ್ಟಿಗೆ ಜೋಡಿಸುತ್ತಿದ್ದಳು.

"ಆವತ್ತು ಅಂಗಡೀಲಿ ನಾನು ಕೇಳಿದಾಗ ನಿನಗೇನನ್ನಿಸ್ತು?"

"ಯಾವತ್ತು?"

"ಮಂಡಿ ಊರಿ ಕೇಳಿದ್ನಲ್ಲ."

"ಈಗ್ಯಾಕೆ ಅದು?"

"ಸುಮ್ನೆ."

"ಸುಮ್ನೆ ಕೇಳೋ ಮುಖ ಅಲ್ಲ ಇದು."

ಅವನು ಹೇಳಿದ. ಹುಡುಗಿ ಬಂದದ್ದು, ಒಂಬತ್ತು ಸಲ ಹೇಳಿಯೂ ಆಗದ್ದು, ತಾನು ಕೊಟ್ಟ ಸಲಹೆ, ಹನ್ನೊಂದು ಫ್ರೇಮು. ಅವಳು ಕೊನೆಯವರೆಗೆ ಕೇಳಿ, ಕೈಯಲ್ಲಿದ್ದ ಟೊಮ್ಯಾಟೊವನ್ನು ತಿರುಗಿಸಿ ನೋಡಿ, ಪಕ್ಕಕ್ಕಿಟ್ಟಳು.

"ನೀವು ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ ರೀ."

ಅವನಿಗೆ ಅರ್ಥವಾಗಲಿಲ್ಲ.

"ಹಿಂದುಗಡೆ ಗಾಜು ಉಜ್ಜೋ ಮಿಷನ್ನು ಓಡ್ತಿತ್ತು. ನೀವು ದಿಢೀರಂತ ಕೆಳಗೆ ಕೂತ್ರಿ. ಸ್ಕ್ರೂ ಬಿತ್ತು ಅಂದ್ಕೊಂಡೆ. ವಾರ ವಾರ ಅದೇ ತಾನೇ ನಿಮ್ಮದು. ನಾನೂ ಬಗ್ಗಿ ಹುಡುಕಿದೆ."

"ತಲೆ ತಗ್ಗಿಸಿದ್ದು?"

"ಸ್ಕ್ರೂ ನೋಡೋಕೆ. ನೀವು ಏನೋ ಅಂದ್ರಿ, ಬಾಯಿ ಆಡಿದ್ದು ಕಾಣ್ತು. ನಾನು 'ಹಾಂ?' ಅಂದೆ. ಏನು ಅಂತ. ಅಷ್ಟರಲ್ಲಿ ಮಾಲೀಕರು ಚಪ್ಪಾಳೆ ತಟ್ಟಿದ್ರು."

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಎಷ್ಟೋ ವರ್ಷ ಒಳಗಿಟ್ಟುಕೊಂಡಿದ್ದ ನಗು ಇರಬೇಕು, ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ನಗದಿದ್ದದ್ದು ನೋಡಿ ನಿಲ್ಲಿಸಿದಳು.

"ಆಮೇಲಾದ್ರೂ ಹೇಳಬಹುದಿತ್ತಲ್ಲ."

"ಯಾವಾಗ ಹೇಳ್ಲಿ? ಯಾವುದೋ ಹೆಂಗಸು ಬಂದು ಕೆನ್ನೆ ಹಿಂಡಿದ್ಲು. ಮಾಲೀಕರು ರಜೆ ಕೊಟ್ರು. ಸಂಜೆ ಹೊತ್ತಿಗೆ ನಿಮ್ಮಮ್ಮ ನಮ್ಮನೇಲಿ ಕೂತು ನಮ್ಮಮ್ಮನ ಕೈ ಹಿಡ್ಕೊಂಡಿದ್ರು. ಇಬ್ಬರೇ ಇರುವಾಗ ಇನ್ನೊಂದು ಸಲ ಕೇಳ್ತೀರಿ ಅಂದ್ಕೊಂಡಿದ್ದೆ. ಕೇಳ್ಲಿಲ್ಲ. ಮುಗಿದ ಕೆಲಸ ನಿಮಗೆ."

"ನನ್ನ ಕಂಡ್ರೆ ಇಷ್ಟ ಇರ್ಲಿಲ್ವಾ?"

"ಇತ್ತು. ನೀವು ಬರದ ವಾರ ಬಾಗಿಲು ನೋಡ್ತಿದ್ದೆ. ಅದು ಬೇರೆ, ಮದುವೆ ಬೇರೆ. ಹತ್ತೊಂಬತ್ತು ರೀ ನನಗೆ. ಮಾರನೆ ದಿನ ಯಾವ ಚಪ್ಪಲಿ ಹಾಕ್ಕೋಬೇಕು ಅನ್ನೋದೇ ತೀರ್ಮಾನ ಆಗಿರ್ತಿರ್ಲಿಲ್ಲ."

ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟರು. ಗೋಡೆಯೊಳಗೆ ನೀರು ಹರಿಯುವ ಸದ್ದು.

"ಹಾಗಾದ್ರೆ ನೀನು ಒಪ್ಪೇ ಇರ್ಲಿಲ್ಲ."

"ಒಪ್ಪಿದೀನಿ. ಆವತ್ತಲ್ಲ."

"ಮತ್ತೆ ಯಾವತ್ತು?"

"ಮಗಳಿಗೆ ನಾಲ್ಕು ವರ್ಷ ಆಗ. ನಿಮ್ಮ ಆ ದೊಡ್ಡ ಪಿಕ್ಚರ್ ಇತ್ತಲ್ಲ, ಅರ್ಧದಲ್ಲಿ ನಿಮ್ಮನ್ನ ತೆಗೆದು ಇನ್ನೊಬ್ಬರ ಕೈಗೆ ಕೊಟ್ರಲ್ಲ. ಆವತ್ತು ಮಧ್ಯಾಹ್ನ ನೀವು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ರಿ."

"ನೀನು ಮನೇಲಿರ್ಲಿಲ್ಲ."

"ಇದ್ದೆ. ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ, ಮಗಳನ್ನ ತೊಡೆ ಮೇಲೆ ಹಾಕ್ಕೊಂಡು. ಒಳಗಿರೋನು ನನ್ನೋನು ಅನ್ನಿಸ್ತು. ಯಾಕೋ ಏನೋ. ನೀವು ನಲ್ಲಿ ನಿಲ್ಲಿಸಿದ ತಕ್ಷಣ ಚಪ್ಪಲಿ ಹಾಕ್ಕೊಂಡು ಆಚೆ ಹೋಗಿ, ಆಗಷ್ಟೇ ಬಂದೋಳ ಹಾಗೆ ಬೆಲ್ ಮಾಡ್ದೆ."

ಅವನಿಗೆ ಆ ಬೆಲ್ ನೆನಪಿತ್ತು. ಮುಖ ಒರೆಸಿಕೊಂಡು ಹೋಗಿ ಬಾಗಿಲು ತೆಗೆದು, ಯಾರೂ ನೋಡಲಿಲ್ಲ ಸದ್ಯ ಎಂದುಕೊಂಡದ್ದೂ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂದು ಅವಳ ಮೇಲೆ ರೇಗಿದ್ದೂ ನೆನಪಿತ್ತು. ಮನಸ್ಸು ಬೇಡ ಬೇಡವೆಂದರೂ ಲೆಕ್ಕ ಹಾಕಿತು. ಅಂಗಡಿಯ ಆ ಶನಿವಾರದಿಂದ ಏಳು ವರ್ಷ. ಮಗಳು ಹುಟ್ಟಿದ್ದು ಅದರೊಳಗೆ. ಮಗಳಿಗೆ ಜ್ವರ ಬಂದು ಮೂರು ದಿನ ಮೂವರೂ ಒಂದೇ ಚಾಪೆಯ ಮೇಲೆ ಮಲಗಿದ್ದು ಅದರೊಳಗೆ.

"ಅಲ್ಲೀವರೆಗೆ?"

"ಅಲ್ಲೀವರೆಗೆ ಇದ್ದೆ," ಎಂದಳು.

ಆ 'ಇದ್ದೆ'ಯಲ್ಲಿ ಕೋಪವಿರಲಿಲ್ಲ. ಅವನು ಅದನ್ನು ಅತ್ತಿತ್ತ ತಿರುಗಿಸಿ ನೋಡಿದ, ಎಲ್ಲಾದರೂ ಒಂದು ಚೂರು ದೂರು ಸಿಕ್ಕಿದ್ದರೆ ಹಿಡಿದುಕೊಳ್ಳಬಹುದಿತ್ತು. "ಮಗಳಿಗೆ ಇದೆಲ್ಲ ಹೇಳ್ಬೇಡ," ಎಂದ.

"ಅವಳಿಗೆ ಗೊತ್ತು. ಹದಿನೆಂಟು ತುಂಬಿದಾಗಲೇ ಹೇಳಿದೀನಿ. ಯಾರಾದ್ರೂ ನಾಲ್ಕು ಜನರ ಮುಂದೆ ಕೇಳಿದ್ರೆ, ಸರಿಯಾಗಿ ಕೇಳಿಸ್ಲಿಲ್ಲ, ನಾಳೆ ಕೇಳು ಅನ್ನು ಅಂತ."

ಹಾಗಾದರೆ ಐದು ವರ್ಷವಾಯಿತು. ಹೋದ ತಿಂಗಳು ಮಗಳು ಕೆಲಸದ ಊರಿನಿಂದ ಗೆಳತಿಯರನ್ನು ಕರೆದುಕೊಂಡು ಬಂದಿದ್ದಳು. ಅಪ್ಪಾ, ಆ ಕಥೆ ಹೇಳು ಎಂದು ಅವಳೇ ಒತ್ತಾಯ ಮಾಡಿದ್ದಳು. ಅವನು ಹೇಳಿದ್ದ. ಮಂಡಿ ನೋವಿದ್ದರೂ ನಡುಮನೆಯಲ್ಲಿ ಊರಿ ತೋರಿಸಿ, ಏಳುವಾಗ ಮಗಳ ಕೈ ಹಿಡಿದು ಎದ್ದಿದ್ದ. ಆಗ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಪ್ರೀತಿ ಎಂದುಕೊಂಡಿದ್ದ. ಪ್ರೀತಿಯೇ ಇರಬಹುದು. ಇಬ್ಬರೂ ಸೇರಿ ಅವನನ್ನು ಮುದ್ದಾಗಿ, ಎಚ್ಚರವಾಗಿ, ಆ ಕಥೆಯೊಳಗೆ ಕೂರಿಸಿ ನೋಡಿಕೊಂಡಿದ್ದರು.

"ಆ ಸಿನಿಮಾ ಹುಡುಗಿಗೆ ಎಷ್ಟು ವಯಸ್ಸು?" ಎಂದು ಅವಳು ಕೇಳಿದಳು.

"ಹದಿನೇಳು."

"ಮನೆಗೆ ಕಳಿಸಿ ಅವಳನ್ನ. ಓದ್ಕೊಳ್ಳಲಿ."

ಮರುದಿನ ಅವನು ನಿರ್ದೇಶಕನೊಡನೆ ಮಧ್ಯಾಹ್ನದವರೆಗೆ ಜಗಳವಾಡಿ, ನನ್ನ ಹೆಸರು ತೆಗೆದುಬಿಡು ಎನ್ನುವಷ್ಟರ ಮಟ್ಟಿಗೆ ಹೋಗಿ, ಕೊನೆಗೆ ಹುಡುಗಿಯನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸಿದ. ಚಿತ್ರ ನೋಡಿದವರಲ್ಲಿ ಕೆಲವರು ಕೊನೆ ಸಪ್ಪೆಯಾಯಿತು ಎಂದರು. ನಿರ್ದೇಶಕ ಮುಂದಿನ ಚಿತ್ರಕ್ಕೆ ಬೇರೆಯವರನ್ನು ಹುಡುಕಿಕೊಂಡ. ಆದರೆ ಅದೆಲ್ಲ ಆಮೇಲಿನದು. ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತವನಿಗೆ ಇನ್ನೂ ಒಂದು ಪ್ರಶ್ನೆ ಇತ್ತು. ಬಚ್ಚಲ ಬಾಗಿಲ ಆ ಮಧ್ಯಾಹ್ನದಿಂದ ಇಲ್ಲಿಯವರೆಗೆ ಹತ್ತೊಂಬತ್ತು ವರ್ಷ. ಈಗ? ಈಗ ಕೇಳಿದರೆ ಒಪ್ಪುತ್ತಾಳೆಯೇ? ಕೇಳಿಬಿಡಬೇಕು ಎನ್ನಿಸಿತು, ಅದೇ ಹಳೆಯ ಆತುರ, ಕೇಳಿ ಮುಗಿಸಿ ಹಗುರವಾಗುವ ಆತುರ. ಅವಳು ಬುಟ್ಟಿಯನ್ನು ಮೇಲಿಟ್ಟು, ಕೈ ಒರೆಸಿಕೊಂಡು, ಮಹಡಿಯ ಮೇಲೆ ಒಣಗಿದ ಬಟ್ಟೆ ತರಲು ಹೊರಟವಳು, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಯಾಕೆ ನಿಂತಳು ಎಂದು ಅವನು ಅವಳ ಮುಖವನ್ನು ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ದಾರಿ ಬಿಡಲಿ ಎಂದು ಕಾಯುವವರ ಮುಖ. ಆಗ ಅವನಿಗೆ ತನ್ನ ಎರಡೂ ಕೈ ಬಾಗಿಲ ಎರಡೂ ಕಡೆ ಊರಿಕೊಂಡಿರುವುದು ಕಂಡಿತು. ಆ ಅಡುಗೆಮನೆಗೆ ಬೇರೆ ಬಾಗಿಲಿರಲಿಲ್ಲ. ಎಷ್ಟು ಹೊತ್ತಿನಿಂದ ಹೀಗೆ ನಿಂತಿದ್ದನೋ.

ಕೈ ತೆಗೆದು, ಬೆನ್ನನ್ನು ಗೋಡೆಗೆ ಒತ್ತಿ, ಪಕ್ಕಕ್ಕೆ ಸರಿದ. ಅವಳು ದಾಟಿ ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ನಿಧಾನವಾಗಿ ಮೇಲಕ್ಕೆ ಹೋಯಿತು. ಎಷ್ಟು ಹೊತ್ತಿಗೆ ಇಳಿದು ಬರುತ್ತೀಯ ಎಂದು ಕೂಗಿ ಕೇಳಲು ಅವನು ಬಾಯಿ ತೆರೆದ. ಹಾಗೆಯೇ ಮುಚ್ಚಿದ.